ಕೆಂಪು ಸಿಗ್ನಲ್‌ಗೆ ನಿಂತ ದಂಗೆ: ಸಿನಿಮಾದಲ್ಲಿ ನಂಬುವುದೆಷ್ಟು?

ಓದುಗರ ಪ್ರಶ್ನೆ: ಸರ್, ನಾನು ಕಾರವಾರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪೋರ್ಚುಗಲ್‌ನಲ್ಲಿ 1974ರಲ್ಲಿ ಸರ್ವಾಧಿಕಾರವನ್ನು ಉರುಳಿಸಿದ ಸೇನಾ ದಂಗೆಯ ಬಗ್ಗೆ 2000ದಲ್ಲಿ ಬಂದ ‘ಏಪ್ರಿಲ್ ಕ್ಯಾಪ್ಟನ್ಸ್’ ಸಿನಿಮಾ ನೋಡಿದೆ. ರೇಡಿಯೋದಲ್ಲಿ ಹಾಡು ಬಂದರೆ ಸೈನ್ಯ ಹೊರಡುತ್ತದೆ. ಜನ ಸೈನಿಕರ ಬಂದೂಕಿಗೆ ಹೂವು ಸಿಕ್ಕಿಸುತ್ತಾರೆ. ನಮ್ಮ ಮನೆಯವರು “ದಂಗೆ ಎಲ್ಲಾದ್ರೂ ಹೀಗೆ ನಡೆಯುತ್ತಾ?” ಎಂದು ನಕ್ಕರು. ದಂಗೆಗೆ ಹೊರಟ ಗಾಡಿಗಳು ಕೆಂಪು ಸಿಗ್ನಲ್‌ಗೆ ನಿಂತಿದ್ದವಂತೆ ಎಂದಾಗಲಂತೂ ಇನ್ನೂ ಜಾಸ್ತಿ ನಕ್ಕರು. ನನ್ನ ಸಹೋದ್ಯೋಗಿಯೊಬ್ಬರು “ಒಂದು ಹನಿ ರಕ್ತ ಬೀಳಲಿಲ್ಲ, ಎಲ್ಲ ಒಬ್ಬ ಕ್ಯಾಪ್ಟನ್ ಮಾಡಿದ್ದು” ಎಂದು ತರಗತಿಯಲ್ಲೇ ಹೇಳಿದ್ದಾರೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದಿದ್ದೇನೆ. ಎಷ್ಟು ನಿಜ, ಎಷ್ಟು ಕಟ್ಟಿದ್ದು? ನಾನೇ ಅಳೆಯುವುದು ಹೇಗೆ? ಇನ್ನೊಂದು ಸಣ್ಣ ಬೇಸರ. ಪೋರ್ಚುಗೀಸರು ಕಾಳಿ ನದಿ ದಾಟಿದರೆ ಸಿಗುವಷ್ಟು ಹತ್ತಿರ ಇದ್ದವರು. ಗೋವಾದ ಮಾತು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಉತ್ತರ: ನಿಮ್ಮ ಮನೆಯವರು ಯಾವುದಕ್ಕೆಲ್ಲ ನಕ್ಕರೋ ಅದೆಲ್ಲ ನಡೆದದ್ದೇ. ನಿಮ್ಮ ಸಹೋದ್ಯೋಗಿ ಗಂಭೀರವಾಗಿ ಹೇಳಿದರಲ್ಲ, ಆ ಎರಡು ಮಾತೇ ತಪ್ಪು.

ಮೂವತ್ತು ಚಿಲ್ಲರೆ ವರ್ಷ ನಾನೂ ಇತಿಹಾಸ ಪಾಠ ಮಾಡಿದವನು. ರಜೆ ಬಂದರೆ ಪಣಜಿಗೆ ಹೋಗಿ ಅಲ್ಲಿನ ಪತ್ರಾಗಾರದಲ್ಲಿ ಹಳೇ ಪೋರ್ಚುಗೀಸ್ ಕಾಗದಗಳನ್ನು ತಡವರಿಸುತ್ತ ಓದುತ್ತಿದ್ದೆ. ಆ ಧೂಳಿನಲ್ಲಿ ಕೂತು ಒಂದು ರೂಢಿ ಬಂತು. ಯಾವ ತುಣುಕು ಎಡವಟ್ಟಾಗಿ, ಕತೆಗೆ ಹೊಂದದ ಹಾಗೆ ಕಾಣುತ್ತದೋ ಅದು ಬಹಳ ಸಲ ನಿಜವಿರುತ್ತದೆ. ಅಚ್ಚುಕಟ್ಟಾಗಿ ಕೂಡಿಬಂದ ತುಣುಕನ್ನೇ ತಿರುವಿ ನೋಡಬೇಕಾಗುತ್ತದೆ. ಚಿತ್ರಕತೆ ಬರೆಯುವವರು ತಾವಾಗಿ ದಂಗೆಯ ಗಾಡಿಯನ್ನು ಕೆಂಪು ದೀಪಕ್ಕೆ ನಿಲ್ಲಿಸುವುದಿಲ್ಲ. ಹಾಗೆ ಬರೆದರೆ ದುಡ್ಡು ಹಾಕುವವರು “ಇದೇನು ಕಾಮಿಡಿನಾ?” ಎಂದು ಕೇಳುತ್ತಾರೆ.

ಆ ಸಿಗ್ನಲ್ಲಿನ ಸಂಗತಿಯನ್ನೇ ಮೊದಲು ಮುಗಿಸೋಣ. ಲಿಸ್ಬನ್‌ನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಸಾಂತರೇಮ್ ಎಂಬ ಊರು. ಇಲ್ಲಿ ಕಾರವಾರದಿಂದ ಕುಮಟಾ ದಾಟಿ ಸ್ವಲ್ಪ ಮುಂದೆ ಹೋದಷ್ಟು ದಾರಿ. ಅಲ್ಲಿಯ ಅಶ್ವದಳ ಶಾಲೆಯಿಂದ ಕ್ಯಾಪ್ಟನ್ ಸಾಲ್ಗೇರೊ ಮಾಯಾ ಸುಮಾರು 240 ಜನರನ್ನು ಕಟ್ಟಿಕೊಂಡು 1974ರ ಏಪ್ರಿಲ್ 25ರ ನಸುಕಿಗೆ ಹೊರಟ. ವಯಸ್ಸು 29. ಲಿಸ್ಬನ್ ಒಳಗೆ ಬಂದಾಗ ದೀಪ ಕೆಂಪಾಯಿತು, ಮುಂದಿನ ಗಾಡಿಯ ಚಾಲಕ ಬ್ರೇಕ್ ಹಾಕಿದ. ದಳದವರೇ ಮುಂದೆ ನಗುತ್ತ ಹೇಳಿಕೊಂಡು ಬಂದ ಮಾತಿದು. ಯೋಚಿಸಿ ನೋಡಿದರೆ ವಿಚಿತ್ರ ಏನೂ ಇಲ್ಲ. ಸ್ಟಿಯರಿಂಗ್ ಹಿಡಿದವನು ಇಪ್ಪತ್ತರ ಹುಡುಗ. ಸರ್ಕಾರ ಉರುಳಿಸುವುದು ಅವನಿಗೆ ಹೊಸದು, ಸಿಗ್ನಲ್‌ಗೆ ನಿಲ್ಲುವುದು ಅಭ್ಯಾಸ.

ಹಾಡಿನ ಕತೆಯೂ ನಿಜ. ಅಷ್ಟೇ ಅಲ್ಲ, ಹಾಡು ಒಂದಲ್ಲ, ಎರಡು. ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಲಿಸ್ಬನ್‌ನ ಒಂದು ರೇಡಿಯೋ ಕೇಂದ್ರದಿಂದ ಮೊದಲನೆಯದು. ಅದೊಂದು ವಿರಹದ ಹಾಡು. ಅದೇ ತಿಂಗಳು ಯೂರೋಪಿನ ದೊಡ್ಡ ಹಾಡಿನ ಸ್ಪರ್ಧೆಯಲ್ಲಿ ಪೋರ್ಚುಗಲ್ ಪರವಾಗಿ ಹೋಗಿ ಕೊನೇ ಸ್ಥಾನ ಹಂಚಿಕೊಂಡು ಬಂದಿತ್ತು. ಯಾರಿಗೂ ಅನುಮಾನ ಬರಬಾರದು, ಅದಕ್ಕೇ ಅದು. ಎಲ್ಲರೂ ತಯಾರಾಗಿ ಎಂಬುದಕ್ಕೆ ಅದು ಗುರುತು. ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ಎರಡನೆಯದು, ಜೊಜೆ ಅಫೊನ್ಸೊ ಹಾಡಿದ ‘ಗ್ರಾಂದೊಲಾ’. ಈ ಸಲ ಕ್ಯಾಥೊಲಿಕ್ ರೇಡಿಯೋದಿಂದ. ಅದರ ಪ್ರಸಾರ ದೂರದ ಊರುಗಳಿಗೂ ಮುಟ್ಟುತ್ತಿತ್ತು. ಇನ್ನು ಹಿಂದೆ ತಿರುಗುವ ಹಾಗಿಲ್ಲ ಎಂಬುದು ಅದರ ಅರ್ಥ. ಆ ಗಾಯಕನ ಬೇರೆ ಹಲವು ಹಾಡುಗಳ ಮೇಲೆ ನಿಷೇಧ ಇತ್ತು, ಇದರ ಮೇಲೆ ಇರಲಿಲ್ಲ. ಮೊಬೈಲ್ ಇಲ್ಲದ ಕಾಲ. ಫೋನಿನಲ್ಲಿ ಮಾತಾಡಿದರೆ ಗುಪ್ತ ಪೊಲೀಸರ ಕಿವಿ. ಹತ್ತಾರು ಊರಿನ ಬ್ಯಾರಕ್ಕುಗಳಿಗೆ ಒಂದೇ ನಿಮಿಷಕ್ಕೆ ಸುದ್ದಿ ಮುಟ್ಟಿಸಬೇಕೆಂದರೆ ರೇಡಿಯೋಗಿಂತ ಸುಲಭದ ದಾರಿ ಯಾವುದಿತ್ತು ಹೇಳಿ. ಸಿನಿಮಾದಲ್ಲಿ ಕಾವ್ಯದ ಹಾಗೆ ಕಾಣುವುದು ಅಸಲಿಗೆ ಸಂಪರ್ಕ ವ್ಯವಸ್ಥೆ.

ಹೂವಿನದು ಇನ್ನೂ ಚೆನ್ನಾಗಿದೆ. ಸೆಲೆಸ್ತೆ ಕಯೇರೊ ಎಂಬ ಹೆಂಗಸು ಲಿಸ್ಬನ್‌ನ ಒಂದು ರೆಸ್ಟೊರೆಂಟಿನಲ್ಲಿ ಕೆಲಸಕ್ಕಿದ್ದರು. ಅವತ್ತು ಆ ಅಂಗಡಿ ಶುರುವಾಗಿ ಒಂದು ವರ್ಷ. ಬಂದ ಗಿರಾಕಿಗಳಿಗೆ ಕೊಡಲು ಮಾಲೀಕರು ಕಾರ್ನೇಶನ್ ಹೂ ತರಿಸಿಟ್ಟಿದ್ದರು. ಬೀದಿಯಲ್ಲಿ ಟ್ಯಾಂಕು ನೋಡಿ ಅಂಗಡಿ ತೆರೆಯಲಿಲ್ಲ, ಹೂ ಹಾಳಾಗೋದು ಬೇಡ, ಮನೆಗೆ ಒಯ್ಯಿರಿ ಎಂದರು. ದಾರಿಯಲ್ಲಿ ಒಬ್ಬ ಸೈನಿಕ ಈಕೆಯ ಹತ್ತಿರ ಸಿಗರೇಟು ಕೇಳಿದ. ಆಕೆ ಸೇದುವವರಲ್ಲ. ಕೈಯಲ್ಲಿದ್ದ ಹೂ ಕೊಟ್ಟರು. ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿದ. ಆಮೇಲೆ ಹೂ ಮಾರುವವರೂ ಹಂಚಿದರು, ಊರೆಲ್ಲ ಅದೇ ಆಯಿತು. ಇದನ್ನು ಯಾರಾದರೂ ಕೂತು ಬರೆದಿದ್ದರೆ ಮೊದಲೇ ಹೂವಿಗೆ ಒಂದು ಅರ್ಥ ಇಟ್ಟು ಬರೆಯುತ್ತಿದ್ದರು. ಸಿಗರೇಟು ಇಲ್ಲದ್ದಕ್ಕೆ ಹೂ ಎಂದು ಯಾರು ಬರೆಯುತ್ತಾರೆ?

ಈಗ ‘ಒಂದು ಹನಿ ರಕ್ತ ಬೀಳಲಿಲ್ಲ’ ಎಂಬ ಮಾತು. ಇದು ಸಿನಿಮಾದಿಂದ ಹುಟ್ಟಿದ್ದಲ್ಲ, ಅದಕ್ಕೂ ಹಿಂದಿನಿಂದ ಇದೆ. ಹೂವಿನ ಫೋಟೋಗಳು ಅಷ್ಟು ಚಂದ ಇರುವುದರಿಂದ ಉಳಿದುಕೊಂಡಿದೆ. ಏಪ್ರಿಲ್ 25ರ ಸಂಜೆ ಜನ ಗುಪ್ತ ಪೊಲೀಸರ ಕಚೇರಿ ಮುಂದೆ ಸೇರಿದರು. ಒಳಗಿನಿಂದ ಗುಂಡು ಬಂತು. ನಾಲ್ವರು ಸತ್ತರು, ಹಲವರಿಗೆ ಗಾಯವಾಯಿತು. ದಂಗೆ ಎದ್ದ ಸೈನಿಕರು ಜನರ ಮೇಲೆ ಗುಂಡು ಹಾರಿಸಲಿಲ್ಲ ಎಂದರೆ ಸರಿ. ಯಾರೂ ಸಾಯಲಿಲ್ಲ ಎಂದರೆ ಆ ನಾಲ್ವರನ್ನು ಎರಡನೇ ಸಲ ಕೊಂದ ಹಾಗೆ. ಅದೂ ಒಂದು ದಿನದ ಲೆಕ್ಕ. ಈ ದಂಗೆ ಆಗಿದ್ದೇ ಆಫ್ರಿಕಾದಲ್ಲಿ 1961ರಿಂದ ನಡೆಯುತ್ತಿದ್ದ ಯುದ್ಧದಿಂದ. ಅಂಗೋಲಾ, ಗಿನಿ, ಮೊಜಾಂಬಿಕ್, ಈ ಮೂರೂ ಪೋರ್ಚುಗಲ್‌ನ ವಸಾಹತುಗಳು, ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದವು. ಪೋರ್ಚುಗಲ್ ಕಡೆಯಿಂದಲೇ ಎಂಟು ಸಾವಿರಕ್ಕೂ ಮೀರಿ ಸೈನಿಕರು ಸತ್ತರು. ಆಫ್ರಿಕಾದವರು ಅದಕ್ಕಿಂತ ಎಷ್ಟೋ ಜಾಸ್ತಿ.

‘ಒಬ್ಬ ಕ್ಯಾಪ್ಟನ್’ ಎಂಬುದು ಸಿನಿಮಾ ತಾನೇ ಬೆಳೆಸುವ ತಪ್ಪು. ಕ್ಯಾಮೆರಾಕ್ಕೆ ಒಂದು ಮುಖ ಬೇಕು. ಮಾಯಾ ಅಂಥ ಮುಖ. ಅವನು ನಿಜಕ್ಕೂ ದೊಡ್ಡ ಮನುಷ್ಯ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಯೋಜನೆ ಅವನದಲ್ಲ. ಅದನ್ನು ಹೆಣೆದವನು ಒಟೆಲೊ ಸರಾಯ್ವಾ ದೆ ಕರ್ವಾಲ್ಯೊ ಎಂಬ ಮೇಜರ್. ಅವನು ಅಂದು ಬೀದಿಯಲ್ಲಿ ಇರಲೇ ಇಲ್ಲ. ಲಿಸ್ಬನ್ ಅಂಚಿನ ಪೊಂತೀನ್ಯಾ ಎಂಬಲ್ಲಿ ಒಂದು ಬ್ಯಾರಕ್ಕಿನೊಳಗೆ ನಕ್ಷೆ, ಫೋನು, ರೇಡಿಯೋ ಸೆಟ್ಟು ಇಟ್ಟುಕೊಂಡು ಕೂತಿದ್ದ. ಟಿವಿ ಕೇಂದ್ರಕ್ಕೆ ಒಂದು ದಳ, ರೇಡಿಯೋಗೆ ಒಂದು, ವಿಮಾನ ನಿಲ್ದಾಣಕ್ಕೆ ಇನ್ನೊಂದು. ದಂಗೆಯ ಅರ್ಧ ಕೆಲಸ ಫೋನ್ ಮಾಡುತ್ತ ಕಾಯುವುದು. ಕಾಯುವುದನ್ನು ಎರಡು ಗಂಟೆ ತೋರಿಸಿದರೆ ನಿಮ್ಮ ಹುಡುಗರು ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ. ಹಾಗಾಗಿ ನಿರ್ದೇಶಕರನ್ನು ಬೈಯುವುದೂ ಕಷ್ಟ.

ಅವತ್ತಿನ ಇಡೀ ದಿನದಲ್ಲಿ ನನಗೆ ತುಂಬ ಕಾಡುವ ಗಳಿಗೆ ಬೇರೆ ಇದೆ. ಬೆಳಿಗ್ಗೆ ಟೇಜೊ ನದಿ ದಂಡೆ. ಮಾಯಾನ ದಳ ದೊಡ್ಡ ಚೌಕವನ್ನು ಹಿಡಿದಿದೆ. ನದಿಯಲ್ಲಿ ಒಂದು ಯುದ್ಧನೌಕೆ, ಅದಕ್ಕೆ ಗುಂಡು ಹಾರಿಸಲು ಆದೇಶ ಬಂದಿದೆ, ಅದು ಹಾರಿಸಲಿಲ್ಲ. ದಂಡೆಯ ರಸ್ತೆಯಲ್ಲಿ ಸರ್ಕಾರದ ಪರ ಒಬ್ಬ ಬ್ರಿಗೇಡಿಯರ್, ಅವನ ಹಿಂದೆ ಎಂ-47 ಟ್ಯಾಂಕುಗಳು. ಮಾಯಾನ ಹತ್ತಿರ ಅವಕ್ಕೆ ಎದುರು ನಿಲ್ಲುವ ಗಾಡಿ ಒಂದೂ ಇಲ್ಲ. ಅವನು ಕೈಯಲ್ಲಿ ಬಿಳಿ ಕರ್ಚೀಫು ಹಿಡಿದು ನಡೆದುಕೊಂಡೇ ಹೋದ, ಜೇಬಿನಲ್ಲಿ ಒಂದು ಗ್ರೆನೇಡು. ಬ್ರಿಗೇಡಿಯರ್ ಒಬ್ಬ ಕಿರಿಯ ಅಧಿಕಾರಿಗೆ ಗುಂಡು ಹಾರಿಸು ಎಂದ. ಅವನು ಒಪ್ಪಲಿಲ್ಲ, ಅಲ್ಲೇ ಬಂಧನವಾಯಿತು. ಮುಂದೆ ಟ್ಯಾಂಕಿನ ತೋಪಿನ ಹತ್ತಿರ ಇದ್ದ ಒಬ್ಬ ಕಾರ್ಪೊರಲ್‌ಗೇ ನೇರ ಆದೇಶ. ಹುಡುಗ ಏನು ಮಾಡಿದ ಗೊತ್ತಾ? ಭಾಷಣ ಮಾಡಲಿಲ್ಲ, ಬಂದೂಕು ಎಸೆಯಲಿಲ್ಲ. ಟ್ಯಾಂಕಿನ ಒಳಗೆ ಇಳಿದು ಮುಚ್ಚಳ ಹಾಕಿಕೊಂಡು ಕೂತುಬಿಟ್ಟ.

ಅಲ್ಲಿಗೆ ಆ ಸರ್ಕಾರ ಮುಗಿಯಿತು ಎಂದು ನಾನು ಲೆಕ್ಕ ಹಾಕುತ್ತೇನೆ. ಸಂಜೆ ಕಾರ್ಮೊ ಬ್ಯಾರಕ್ಕಿನಲ್ಲಿ ಪ್ರಧಾನಿ ಮಾರ್ಸೆಲೊ ಕಯೆತಾನೊ ಶರಣಾದದ್ದು ಅದರ ಕಾಗದ ಪತ್ರ ಅಷ್ಟೇ. ಅಧಿಕಾರ ಬೀದಿಗೆ ಬೀಳಬಾರದು ಎಂದು ಹಟ ಹಿಡಿದು, ಸರ್ಕಾರದ ಯುದ್ಧ ನೀತಿಯನ್ನು ಟೀಕಿಸಿ ಹುದ್ದೆ ಕಳೆದುಕೊಂಡಿದ್ದ ಜನರಲ್ ಸ್ಪಿನೋಲಾ ಬಂದ ಮೇಲೆ ಅವರ ಕೈಗೇ ಕೊಟ್ಟರು. ಟ್ಯಾಂಕಿನೊಳಗೆ ಕೂತ ಆ ಹುಡುಗನ ಹೆಸರು ಜೊಜೆ ಆಲ್ವೆಸ್ ಕೋಸ್ತಾ. ಅವನು ಯಾರೆಂದು ದಶಕಗಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಸಿನಿಮಾ ಬಂದಾಗಲೂ ಅವನ ಹೆಸರು ಹೊರಗೆ ಬಂದಿರಲಿಲ್ಲ. ಸಿನಿಮಾ ತನ್ನ ಕಾಲದಲ್ಲಿ ಸಿಕ್ಕ ಮಾಹಿತಿಯಷ್ಟೇ ಸರಿಯಾಗಿರಲು ಸಾಧ್ಯ. 2000ದ ಸಿನಿಮಾವನ್ನು ಇವತ್ತಿನ ಪುಸ್ತಕ ಹಿಡಿದು ಹೊಡೆಯುವುದು ನ್ಯಾಯ ಅಲ್ಲ.

ಹಾಗಾದರೆ ಕಟ್ಟಿದ್ದು ಯಾವುದು? ಆಂತೋನಿಯಾ ಎಂಬ ಹೆಂಗಸು ಮತ್ತು ಸೈನ್ಯದಲ್ಲಿರುವ ಅವಳ ಗಂಡ, ಈ ಜೋಡಿ ಸಿನಿಮಾಕ್ಕೆಂದೇ ಮಾಡಿದ್ದು. ಆ ಪಾತ್ರವನ್ನು ನಿರ್ದೇಶಕಿ ಮರಿಯಾ ದೆ ಮೆದೇರೊಸ್ ಅವರೇ ಮಾಡಿದ್ದಾರೆ. ದಂಗೆಯ ಗಡಿಬಿಡಿಯನ್ನು ಮನೆಯೊಳಗಿನಿಂದ ನೋಡಲು ಒಂದು ಕಿಟಕಿ ಬೇಕಿತ್ತು, ಮಾಡಿಕೊಂಡರು. ಮಾಯಾ ಆಗಿರುವ ನಟ ಇಟಲಿಯವರು. ಇಂಥದ್ದೆಲ್ಲ ತೊಂದರೆ ಅಲ್ಲ. ಇಂಟರ್ನೆಟ್ಟಿನಲ್ಲಿ ಕೆಲವರು ಟೋಪಿಯ ಬಿಲ್ಲೆ, ಅಂಗಿಯ ಗುಂಡಿ ಎಣಿಸುತ್ತ ಕೂರುತ್ತಾರಲ್ಲ, ಅದರ ಹಿಂದೆ ನೀವು ಹೋಗಬೇಡಿ. ಸಮವಸ್ತ್ರ ನೂರಕ್ಕೆ ನೂರು ಸರಿ ಇದ್ದು ಕತೆ ಪೂರ್ತಿ ಸುಳ್ಳಿರಬಹುದು.

ನಾನು ಅನುಮಾನದಿಂದ ನೋಡುವುದು ಕಾರಣಗಳನ್ನು. ಇಂಥ ಸಿನಿಮಾಗಳಲ್ಲಿ ಒಳ್ಳೆಯವರು ಸ್ವಾತಂತ್ರ್ಯಕ್ಕೆ ಎದ್ದರು ಎಂದು ನಮಗೆ ಅನಿಸಿಬಿಡುತ್ತದೆ. ಪೋರ್ಚುಗಲ್‌ನಲ್ಲಿ ಅದು ಶುರುವಾದದ್ದು ಬಡ್ತಿ ಜಗಳದಿಂದ. 1973ರ ಬೇಸಿಗೆಯಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು. ಯುದ್ಧಕ್ಕೆ ಅಧಿಕಾರಿಗಳು ಸಾಲುತ್ತಿರಲಿಲ್ಲ. ಕಡ್ಡಾಯ ಸೇವೆಗೆ ಬಂದವರು ಸಣ್ಣದೊಂದು ಕೋರ್ಸು ಮುಗಿಸಿ ಕಾಯಂ ಆಗಬಹುದು, ಅವರ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ ಎಂದು ಮಾಡಿದರು. ವರ್ಷಗಟ್ಟಲೆ ಓದಿ ಬಂದ ಕ್ಯಾಪ್ಟನ್‌ಗಳು ಸೀನಿಯಾರಿಟಿ ಪಟ್ಟಿಯಲ್ಲಿ ಕೆಳಗೆ ಬಿದ್ದರು. ಸೀನಿಯಾರಿಟಿ ಪಟ್ಟಿ ಏನು ಮಾಡಬಲ್ಲದು ಎಂದು ನಮ್ಮ ನಿಮ್ಮಂಥ ಮೇಷ್ಟ್ರುಗಳಿಗೆ ಹೇಳಿಕೊಡಬೇಕಾ! ಆ ಸೆಪ್ಟೆಂಬರಿನಲ್ಲಿ ಒಂದು ತೋಟದ ಮನೆಯಲ್ಲಿ ಗುಟ್ಟಾಗಿ ಸೇರಿದರು. ಮಾತು ಪಟ್ಟಿಯಿಂದ ಯುದ್ಧಕ್ಕೆ, ಯುದ್ಧದಿಂದ ಸರ್ಕಾರಕ್ಕೆ ಹೋಯಿತು. 1974ರ ಮಾರ್ಚ್ 16ರಂದು ಒಂದು ರೆಜಿಮೆಂಟು ಅವಸರ ಮಾಡಿ ಹೊರಟು ಸೋತಿತು. ಅದರಿಂದ ಕಲಿತ ಪಾಠದ ಮೇಲೆ ಏಪ್ರಿಲ್ ಯೋಜನೆ. ಬಡ್ತಿ ಜಗಳ ಎಂದರೆ ಅವರ ದೊಡ್ಡತನ ಕಡಿಮೆಯಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಜನ ಹೀಗೇ ಎದ್ದೇಳುವುದು.

ದಂಗೆಯೋ ಕ್ರಾಂತಿಯೋ ಎಂದೂ ನಿಮ್ಮ ಹುಡುಗರು ಕೇಳುತ್ತಾರೆ. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಕ್ಯಾಪ್ಟನ್‌ಗಳು ರೇಡಿಯೋದಲ್ಲಿ ಮೊದಲ ಪ್ರಕಟಣೆ ಓದಿಸಿದರು. ದಯವಿಟ್ಟು ಮನೆಯಲ್ಲೇ ಇರಿ ಎಂದು ಜನರನ್ನು ಕೇಳಿಕೊಂಡರು. ಮತ್ತೆ ಮತ್ತೆ ಕೇಳಿಕೊಂಡರು. ಜನ ಕೇಳಲಿಲ್ಲ, ಸಾವಿರಾರು ಮಂದಿ ಬೀದಿಗೆ ಬಂದು ಟ್ಯಾಂಕು ಹತ್ತಿ ಕೂತರು. ಬೆಳಿಗ್ಗೆ ಅದು ದಂಗೆ, ಸಂಜೆಗೆ ಬೇರೆ ಏನೋ ಆಗಿತ್ತು.

ಅಳೆಯುವುದು ಹೇಗೆ ಎಂದು ಕೇಳಿದಿರಿ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ತಾಳಮದ್ದಳೆ ಕೇಳಿ ಬೆಳೆದವರು ನಾವು. ಅರ್ಥಧಾರಿ ಕರ್ಣನಾಗಿ ಒಂದು ತಾಸು ಮಾತಾಡುತ್ತಾನೆ. ಆ ಮಾತು ಭಾರತದಲ್ಲಿ ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ. ಆದರೆ ಕರ್ಣ ಕೊನೆಗೆ ಪಾಂಡವರ ಪಕ್ಷಕ್ಕೆ ಹೋದ ಎಂದರೆ ಕೇಳುತ್ತ ಕೂತವರೇ ಎದ್ದು ಬರುತ್ತಾರೆ. ಮಾತು ಕಟ್ಟಬಹುದು, ನಡೆಯನ್ನು ಬದಲಿಸುವ ಹಾಗಿಲ್ಲ. ಸಿನಿಮಾಕ್ಕೂ ನಾನು ಇದೇ ಕೋಲು ಹಿಡಿಯುತ್ತೇನೆ. ಒಂದೇ ವ್ಯತ್ಯಾಸ. ಪ್ರಸಂಗ ನೋಡುವವನಿಗೆ ಕತೆ ಮೊದಲೇ ಗೊತ್ತು, ಹಾಗಾಗಿ ಮೋಸ ಹೋಗುವುದಿಲ್ಲ. ಲಿಸ್ಬನ್ ಕತೆ ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಅವರಿಗೆ ಅರ್ಥಗಾರಿಕೆ ಯಾವುದು, ಪ್ರಸಂಗ ಯಾವುದು ತಿಳಿಯುವುದಿಲ್ಲ. ಅದನ್ನು ಬಿಡಿಸಿ ತೋರಿಸುವುದೇ ನಿಮ್ಮ ಕೆಲಸ.

ನಾನು ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಒಂದು ದೃಶ್ಯ ಹಿಡಿದುಕೊಳ್ಳಿ. ಇದಕ್ಕೆ ಗಂಟೆ ನಿಮಿಷ ಹೇಳಲು ಆಗುತ್ತದಾ? ಹಾಡುಗಳಿಗೆ, ರೇಡಿಯೋ ಪ್ರಕಟಣೆಗೆ ಆಗುತ್ತದೆ. ಆ ಕ್ಷಣದ ಧ್ವನಿಯೋ ಫೋಟೋವೋ ಇದೆಯಾ? ಆಲ್ಫ್ರೆಡೊ ಕುನ್ಯಾ, ಎದುವಾರ್ದೊ ಗಜೇರೊ ಎಂಬ ಫೋಟೋಗ್ರಾಫರ್‌ಗಳು ಅವತ್ತಿಡೀ ಬೀದಿಯಲ್ಲಿದ್ದರು. ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಏಪ್ರಿಲ್ 25ಕ್ಕೆಂದೇ ಒಂದು ದಾಖಲೆ ಕೇಂದ್ರ ಇದೆ. ಅಲ್ಲಿ ಇಲ್ಲ ಎಂದಾದರೆ ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಇಬ್ಬರು ಹಾಗೆಂದು ಹೇಳಿದ್ದಾರಾ ನೋಡಿ. ಮುಚ್ಚಿದ ಕೋಣೆಯೊಳಗೆ ಇಬ್ಬರೇ ಆಡಿದ ಮಾತು, ರಾತ್ರಿ ಹಾಸಿಗೆಯಲ್ಲಿ ಗಂಡ ಹೆಂಡತಿ ಆಡಿದ ಮಾತು, ಇದನ್ನೆಲ್ಲ ಕಟ್ಟಿದ್ದು ಎಂದೇ ಹಿಡಿಯಿರಿ. ಅದಕ್ಕೆ ಬೇರೆ ದಾರಿ ಇಲ್ಲ.

ನೋಡಿದವರ ನೆನಪನ್ನೂ ಸುಮ್ನೆ ಒಪ್ಪಬೇಡಿ. ನನ್ನದೇ ಕತೆ ಕೇಳಿ. ನಾನು ಬಿಣಗಾದವನು. 1961ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆ, ಬಿಣಗಾ ಎದುರಿನ ಕಡಲಲ್ಲಿ ಪೋರ್ಚುಗೀಸರ ಕೈಲಿದ್ದ ಅಂಜುದೀವ್ ದ್ವೀಪಕ್ಕೆ ಇಳಿಯಿತು. ನನಗೆ ಆಗ ಎಂಟು ವರ್ಷ. ಕಡಲ ತಡಿಯಲ್ಲಿ ನಿಂತು ಹಡಗು ಗುಂಡು ಹಾರಿಸುವುದನ್ನು ನೋಡಿದೆ, ಬೆಂಕಿ ಕಂಡಿತು, ಆಯಿ ನನ್ನ ಕೈ ಹಿಡಿದಿದ್ದಳು. ಐವತ್ತು ವರ್ಷ ಎಲ್ಲರಿಗೂ ಹೀಗೇ ಹೇಳಿದ್ದೇನೆ, ತರಗತಿಯಲ್ಲೂ ಹೇಳಿದ್ದೇನೆ. ಒಮ್ಮೆ ಅಕ್ಕನ ಎದುರು ಹೇಳಿದಾಗ ಅವಳು ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. “ನೀನು ಎಲ್ಲಿ ನೋಡಿದ್ಯೋ? ಆಯಿ ನಮ್ಮನ್ನು ಭತ್ತದ ಕಣಜದ ಹಿಂದೆ ಕೂರಿಸಿ ಬಾಗಿಲು ಹಾಕಿದ್ದಳು. ನೀನು ಚಡ್ಡಿ ಒದ್ದೆ ಮಾಡ್ಕೊಂಡಿದ್ದೆ.” ಸದ್ದು ಕೇಳಿದ್ದು ನಿಜ. ಬೆಂಕಿಯನ್ನು ನಾನು ಎಲ್ಲಿಂದ ತಂದೆನೋ, ಆಮೇಲೆ ನೋಡಿದ ಯಾವ ಯುದ್ಧದ ಸಿನಿಮಾದಿಂದ ಬಂತೋ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ.

ನಿಮ್ಮ ಊರಿನಲ್ಲೇ ಇನ್ನೊಂದು ಉದಾಹರಣೆ ನಿಂತಿದೆ. ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ಸಂಗ್ರಹಾಲಯ. ‘ಇದೇ ಹಡಗು 1971ರಲ್ಲಿ ಕರಾಚಿ ಸುಟ್ಟಿದ್ದು’ ಎಂದು ಮಕ್ಕಳಿಗೆ ತೋರಿಸುವ ಅಪ್ಪಂದಿರನ್ನು ನಾನೇ ಕೇಳಿದ್ದೇನೆ. ಆ ನೌಕೆ ಸೇವೆಗೆ ಸೇರಿದ್ದು 1976ರಲ್ಲಿ. ಕರಾಚಿಯ ಕೀರ್ತಿ ಅದರ ಹಿಂದಿನ ಕ್ಷಿಪಣಿ ದೋಣಿಗಳದ್ದು. ಕಣ್ಣೆದುರು ನಿಂತ ವಸ್ತುವಿಗೆ ಕತೆ ಅಂಟಿಕೊಳ್ಳುತ್ತದೆ. ಮಾಯಾನ ಮುಖಕ್ಕೆ ಇಡೀ ದಂಗೆ ಅಂಟಿಕೊಂಡದ್ದು ಹಾಗೇ.

ಈಗ ಗೋವಾ. ನಿಮ್ಮ ಬೇಸರ ಸಣ್ಣದಲ್ಲ. ಸಿನಿಮಾ ಹೇಳುವುದು ಒಂದು ರಾತ್ರಿ, ಒಂದು ಹಗಲಿನ ಕತೆ. ಹದಿಮೂರು ವರ್ಷ ಹಿಂದಿನದು ಅದರೊಳಗೆ ಹಿಡಿಸುವುದಿಲ್ಲ. ಆದರೆ ಆ ಹದಿಮೂರು ವರ್ಷದ ತುದಿ ಇರುವುದು ನಿಮ್ಮ ಕಿಟಕಿಯ ಎದುರಿಗೆ. 1961ರ ನವೆಂಬರಿನಲ್ಲಿ ಅಂಜುದೀವ್‌ನಿಂದ ಪೋರ್ಚುಗೀಸರು ‘ಸಾಬರ್ಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು, ಮೀನುಗಾರರ ದೋಣಿಗಳ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ತೀರಿಕೊಂಡ. ಡಿಸೆಂಬರ್ 18ರಂದು ದ್ವೀಪ ಹಿಡಿಯುವಾಗ ನಮ್ಮ ನೌಕಾಪಡೆಯ 7 ಜನ ಸತ್ತರು. ಮರುದಿನ ಗೋವಾದ ಗವರ್ನರ್ ಜನರಲ್ ವಾಸಾಲೊ ಎ ಸಿಲ್ವಾ ಶರಣಾದರು.

ಲಿಸ್ಬನ್‌ನಿಂದ ಸರ್ವಾಧಿಕಾರಿ ಸಾಲಜಾರ್ ಕಳಿಸಿದ್ದ ಆದೇಶ ಬೇರೆ ಇತ್ತು. ಕದನವಿರಾಮ ಬೇಡ, ಸೆರೆಯಾಗುವುದೂ ಬೇಡ, ಗೆಲ್ಲಿ ಇಲ್ಲ ಸಾಯಿರಿ ಎಂದು. ವಾಸಾಲೊ ಎ ಸಿಲ್ವಾ ತನ್ನ ಸೈನಿಕರನ್ನು ಸಾಯಿಸಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೆಲ ತಿಂಗಳು ಇಲ್ಲಿ ಸೆರೆಯಲ್ಲಿದ್ದು 1962ರಲ್ಲಿ ಊರಿಗೆ ಹೋದರು. ಅಲ್ಲಿ ಅವರಿಗೆ ಹಾರ ತುರಾಯಿ ಸಿಗಲಿಲ್ಲ. 1963ರಲ್ಲಿ ಗವರ್ನರನ್ನು ಸೈನ್ಯದಿಂದಲೇ ಹೊರಹಾಕಿದರು. ಸೋತದ್ದು ಸರ್ಕಾರದ ನೀತಿ, ಶಿಕ್ಷೆ ಆದದ್ದು ಸೈನಿಕರಿಗೆ. ಇದನ್ನು ಸೈನ್ಯ ಮರೆಯಲಿಲ್ಲ. ಆಫ್ರಿಕಾದಲ್ಲಿ, ಅದರಲ್ಲೂ ಗಿನಿಯಲ್ಲಿ, ಯುದ್ಧ ಕೈಮೀರುತ್ತಿದ್ದಾಗ ಅಧಿಕಾರಿಗಳಿಗೆ ಇದ್ದ ಹೆದರಿಕೆಗಳಲ್ಲಿ ಒಂದು ಇದೇ. ನಾಳೆ ಇಲ್ಲೂ ಸೋತರೆ ಗೋವಾದ ಹಾಗೆ ತಪ್ಪನ್ನು ನಮ್ಮ ತಲೆಗೇ ಕಟ್ಟುತ್ತಾರೆ. ವಾಸಾಲೊ ಎ ಸಿಲ್ವಾರಿಗೆ ಸೈನ್ಯದ ಸ್ಥಾನ ವಾಪಸು ಸಿಕ್ಕಿದ್ದು ಏಪ್ರಿಲ್ 25ರ ನಂತರ. ಅದೇ ವರ್ಷ ಡಿಸೆಂಬರ್ 31ಕ್ಕೆ ದೆಹಲಿಯಲ್ಲಿ ಒಪ್ಪಂದವಾಗಿ ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿಕೊಂಡಿತು. ಅಲ್ಲಿಯ ತನಕ ಅವರ ಪುಸ್ತಕದಲ್ಲಿ ಗೋವಾ ಅವರದೇ!

ಈಗ ತೋರಿಸುವ ವಿಚಾರ. ಏನೂ ಹೇಳದೆ ಪೂರ್ತಿ ಸಿನಿಮಾ ಹಾಕಿ ಆಮೇಲೆ ಚರ್ಚೆ ಮಾಡಬಹುದು. ಮಕ್ಕಳು ಖುಷಿಯಿಂದ ನೋಡುತ್ತಾರೆ. ಆದರೆ ಕಣ್ಣಲ್ಲಿ ಮೊದಲು ಕೂತ ಚಿತ್ರವನ್ನು ಬಾಯಿ ಮಾತಿನಿಂದ ಕೀಳುವುದು ಕಷ್ಟ, ಇದು ನನಗೆ ಕೈಸುಟ್ಟು ತಿಳಿದದ್ದು. ಒಮ್ಮೆ ಒಂದು ಯುದ್ಧದ ಸಿನಿಮಾ ತೋರಿಸಿ, ಅದರ ಕೊನೆಯ ದೃಶ್ಯ ನಡೆದೇ ಇಲ್ಲ ಎಂದು ಅರ್ಧ ಗಂಟೆ ವಿವರಿಸಿದ್ದೆ. ಪರೀಕ್ಷೆಯಲ್ಲಿ ಹನ್ನೊಂದು ಜನ ಅದನ್ನೇ ಬರೆದರು. ಮೊದಲೇ ಪಾಠ ಮಾಡಿ ಆಮೇಲೆ ತೋರಿಸಿದರೆ ತಪ್ಪು ಹಿಡಿಯುವುದೇ ಆಟವಾಗುತ್ತದೆ. ಟ್ಯಾಂಕಿನ ನಂಬರು ನೋಡುತ್ತಾರೆ, ಮನುಷ್ಯರನ್ನು ನೋಡುವುದಿಲ್ಲ. ನಡುನಡುವೆ ನಿಲ್ಲಿಸಿ ವಿವರಿಸುವುದಂತೂ ಬೇಡವೇ ಬೇಡ.

ನಾನಾದರೆ ಹೀಗೆ ಮಾಡುತ್ತೇನೆ. ಸಿನಿಮಾಕ್ಕೆ ಮೊದಲು ಹತ್ತೇ ನಿಮಿಷ, ಕಪ್ಪುಹಲಗೆಯ ಮೇಲೆ ನಾಲ್ಕು ವರ್ಷ: 1961, 1963, 1973, 1974. ಮೊದಲನೆಯದರ ಪಕ್ಕ ಅಂಜುದೀವ್ ಎಂದು ಬರೆಯಿರಿ, ಹುಡುಗರು ನೆಟ್ಟಗೆ ಕೂರುತ್ತಾರೆ. ಸಿನಿಮಾ ಮುಗಿದ ಮೇಲೆ, ಅದೇ ದಿನ ಅಲ್ಲ ಮರುದಿನ, ಗಂಟೆವಾರು ಪಟ್ಟಿಯ ಒಂದು ಹಾಳೆ ಕೊಡಿ. ಯಾವ ದೃಶ್ಯ ಯಾವ ಗಂಟೆಗೆ ಕೂರುತ್ತದೆ, ಯಾವುದಕ್ಕೆ ಜಾಗವೇ ಇಲ್ಲ ಎಂದು ಅವರೇ ಗುರುತು ಹಾಕಲಿ. ಜಾಗ ಸಿಗದ ದೃಶ್ಯಗಳನ್ನು ಯಾಕೆ ಸೇರಿಸಿರಬಹುದು ಎಂದು ಅವರ ಹತ್ತಿರವೇ ಕೇಳಿ. ಇದರಲ್ಲೂ ಒಂದು ಅಪಾಯ ಇದೆ. ಕೆಲವರು ಇನ್ನು ಯಾವ ಸಿನಿಮಾವನ್ನೂ ನಂಬುವುದಿಲ್ಲ ಎಂದು ಹೊರಡುತ್ತಾರೆ. ಅಂಥವರಿಗೆ ಕೆಂಪು ಸಿಗ್ನಲ್ಲಿನ ಕತೆ ಹೇಳಿ.

ಅರಗಾ, ಬಿಣಗಾ, ಮಾಜಾಳಿ ಕಡೆಯ ವಿದ್ಯಾರ್ಥಿಗಳಿದ್ದರೆ ಮನೆಯಲ್ಲಿ ಹಿರಿಯರನ್ನು 1961ರ ಬಗ್ಗೆ ಕೇಳಿ ಬರೆದು ತರಲು ಹೇಳಿ. ಒಬ್ಬರನ್ನಲ್ಲ, ಒಂದೇ ಮನೆಯ ಇಬ್ಬರನ್ನು, ಬೇರೆ ಬೇರೆ ಕೂರಿಸಿ.

ಕಾನೂನಿನ ಮಾತು ಒಂದು. ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು ಇಷ್ಟೇ ಜನರಿಗೆ ಸಿನಿಮಾ ತೋರಿಸಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶ ಇದೆ. ಊರಿನವರನ್ನೆಲ್ಲ ಕರೆದರೆ, ಟಿಕೆಟ್ ಇಟ್ಟರೆ ಆ ರಿಯಾಯಿತಿ ಇಲ್ಲ. ಒಟಿಟಿಯ ಸ್ವಂತ ಖಾತೆಯಿಂದ ಹಾಕುವುದಾದರೆ ಅವರ ಷರತ್ತನ್ನೂ ಒಮ್ಮೆ ನೋಡಿ. ಪ್ರಾಂಶುಪಾಲರಿಗೆ ಮೊದಲೇ ಒಂದು ಪತ್ರ ಕೊಟ್ಟಿಡಿ. ‘ಸೇನಾ ದಂಗೆ’ ಎಂಬ ಹೆಸರು ನೋಟೀಸ್ ಬೋರ್ಡಿನಲ್ಲಿ ಕಂಡರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ.

ಸಬ್‌ಟೈಟಲ್ ಕೂಡ ಮೊದಲೇ ನೋಡಿಕೊಳ್ಳಿ. ಹೊರಡುವ ಮೊದಲು ಮಾಯಾ ತನ್ನ ಸೈನಿಕರಿಗೆ ಒಂದು ಮಾತು ಹೇಳಿದ್ದು ಪ್ರಸಿದ್ಧ. ಅದರ ಪದಗಳು ಹೇಳುವವರಿಂದ ಹೇಳುವವರಿಗೆ ಸ್ವಲ್ಪ ಬೇರೆ, ತಾತ್ಪರ್ಯ ಇಷ್ಟು. ಸಮಾಜವಾದಿ ರಾಜ್ಯ ಇದೆ, ಬಂಡವಾಳಶಾಹಿ ರಾಜ್ಯ ಇದೆ, ಮತ್ತೆ ನಾವು ಬಂದು ಮುಟ್ಟಿದ ಈ ಸ್ಥಿತಿ ಇದೆ, ಇವತ್ತು ರಾತ್ರಿ ಇದನ್ನು ಮುಗಿಸೋಣ. ಪೋರ್ಚುಗೀಸ್‌ನಲ್ಲಿ ರಾಜ್ಯ, ಸ್ಥಿತಿ ಎರಡಕ್ಕೂ ಒಂದೇ ಪದ, ‘ಇಷ್ತಾದು’. ಸಾಲಜಾರ್ ತನ್ನ ಆಡಳಿತಕ್ಕೆ ಇಟ್ಟ ಹೆಸರಿನಲ್ಲೂ ಅದೇ ಪದ. ಸೈನಿಕರು ನಕ್ಕದ್ದು ಅದಕ್ಕೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಆ ನಗು ಮಕ್ಕಳಿಗೆ ದಾಟದಿದ್ದರೆ ನೀವೇ ಒಂದು ಸಾಲು ಬೋರ್ಡಿನ ಮೇಲೆ ಬರೆದಿಡಿ.